ಸಾಲದ ಪಟ್ಟಿ ಬಂತು, ರಸೀದಿ ಬರಲಿಲ್ವಾ?

ಸಂಪಾದಕರಿಗೆ ನಮಸ್ಕಾರ.

ನಾನು ತಿಪಟೂರಿನಲ್ಲಿ ಗೂಡ್ಸ್ ಗಾಡಿ ಇಟ್ಟುಕೊಂಡಿರುವವನು. ಎಪಿಎಂಸಿ ಯಾರ್ಡಿಗೆ ಕೊಬ್ಬರಿ ಚೀಲ, ತೋಟಗಳಿಂದ ಮಂಡಿಗೆ ಕಾಯಿ, ಮದುವೆ ಕಾಲದಲ್ಲಿ ಪಾತ್ರೆ, ಶಾಮಿಯಾನ. ಇದೇ ನನ್ನ ಬಾಡಿಗೆ. 2018ರಲ್ಲಿ ಪೂರ್ತಿ ತೀರಿಸಿದ ಗಾಡಿ ಸಾಲಕ್ಕೆ 2025ರ ಏಪ್ರಿಲ್‌ನಲ್ಲಿ ನನಗೊಂದು ನೋಟಿಸು ಬಂತು. 56,444 ರೂಪಾಯಿ ಬಾಕಿ ಇದೆಯಂತೆ, ಏಳು ದಿನದೊಳಗೆ ಕಟ್ಟಬೇಕಂತೆ. ಕಳಿಸಿದವರು ನಾನು ಸಾಲ ತೆಗೆದ ಫೈನಾನ್ಸ್‌ನವರಲ್ಲ. ಆ ಫೈನಾನ್ಸನ್ನು ಎರಡು ವರ್ಷದ ಹಿಂದೆ ತನ್ನೊಳಗೆ ಸೇರಿಸಿಕೊಂಡ ದೊಡ್ಡ ಕಂಪನಿಯವರು. ದೂರು ಇನ್ನೂ ಪೂರ್ತಿ ಮುಗಿದಿಲ್ಲ. ಹಾಗಾಗಿ ಎರಡರ ಹೆಸರನ್ನೂ ಇಲ್ಲಿ ಬರೆಯುತ್ತಿಲ್ಲ.

ಸಾಲದ ಕಥೆ ಚಿಕ್ಕದು. 2014ರ ಕೊನೆಯಲ್ಲಿ ಬಿ.ಎಚ್. ರಸ್ತೆಯಲ್ಲಿದ್ದ ಫೈನಾನ್ಸ್ ಆಫೀಸಿನಲ್ಲಿ 2,80,000 ರೂಪಾಯಿ ಸಾಲ ಮಾಡಿ ಗಾಡಿ ಕೊಂಡೆ. ನಾಲ್ಕು ವರ್ಷ, ತಿಂಗಳಿಗೆ 7,850 ಕಂತು. ಪ್ರತಿ ತಿಂಗಳು 5ನೇ ತಾರೀಕು ನನ್ನ ಬ್ಯಾಂಕ್ ಖಾತೆಯಿಂದ ಇಸಿಎಸ್‌ನಲ್ಲಿ, ಅಂದರೆ ತಾನಾಗೇ ಕಡಿತವಾಗಿ, ಹೋಗುತ್ತಿತ್ತು. 2018ರ ಫೆಬ್ರುವರಿಯಲ್ಲಿ ಚೀಟಿ ಎತ್ತಿದೆ. ಆ ದುಡ್ಡಿಗೆ ಇನ್ನೊಂದಿಷ್ಟು ಸೇರಿಸಿ ಉಳಿದ ಸಾಲವನ್ನು ಒಂದೇ ಸಲ ಕಟ್ಟಿಬಿಟ್ಟೆ. ಎಷ್ಟು ಕಟ್ಟಬೇಕು ಅಂತ ಲೆಕ್ಕ ಹಾಕಿ ಬರೆದುಕೊಟ್ಟವರು ಫೈನಾನ್ಸ್‌ನವರೇ. ಅಷ್ಟಕ್ಕೂ ಡಿಡಿ ತೆಗೆಸಿ ಕೊಟ್ಟೆ. ರಸೀದಿ ಕೊಟ್ಟರು. ವಾರದೊಳಗೆ ಎನ್‌ಒಸಿ, ಅಂದರೆ ಸಾಲ ತೀರಿದೆ, ನಮ್ಮ ತಕರಾರಿಲ್ಲ ಅನ್ನುವ ಕಾಗದ ಕೊಟ್ಟರು. ಜೊತೆಗೆ ಸಹಿ, ಸೀಲು ಹಾಕಿದ ಫಾರಂ 35 ಎರಡು ಪ್ರತಿ. ಅದನ್ನು ನಮ್ಮ ಕೆಎ 44 ಆರ್‌ಟಿಒ ಆಫೀಸಿನಲ್ಲಿ ಕೊಟ್ಟು ಆರ್‌ಸಿಯಿಂದ ಎಚ್‌ಪಿ ತೆಗೆಸಿದೆ.

ಗಾಡಿ ಸಾಲ ಮಾಡಿದವರಿಗೆಲ್ಲ ಈ ಎಚ್‌ಪಿ ಗೊತ್ತಿರುತ್ತೆ. ಸಾಲ ಇರುವ ತನಕ ಆರ್‌ಸಿಯಲ್ಲಿ ಫೈನಾನ್ಸ್‌ನವರ ಹೆಸರು ಕೂತಿರುತ್ತೆ, ಅದೇ ಎಚ್‌ಪಿ. ಮೋಟಾರು ವಾಹನ ಕಾಯ್ದೆಯ 51ನೇ ಸೆಕ್ಷನ್ನಿನಲ್ಲಿ ಇದಕ್ಕೆ ನಿಯಮ ಇದೆ. ಅದನ್ನು ತೆಗೆಸೋಕೆ ಬೇಕಾದ ಫಾರಂ 35ಕ್ಕೆ ಸಾಲ ಕೊಟ್ಟವರೂ ಸಹಿ ಹಾಕಬೇಕು. ನೂರು ರೂಪಾಯಿ ಬಾಕಿ ಇದ್ದರೂ ಆ ಸಹಿ ಸಿಗುವುದಿಲ್ಲ, ಇದು ನಮ್ಮ ಗಾಡಿ ಸ್ಟ್ಯಾಂಡಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. 2021ರಲ್ಲಿ ಆ ಗಾಡಿಯನ್ನು ಅರಸೀಕೆರೆಯವರೊಬ್ಬರಿಗೆ ಮಾರಿದೆ. ಅವರ ಹೆಸರಿಗೆ ವರ್ಗಾವಣೆ ಆಗುವಾಗಲೂ ಯಾರೂ ತಕರಾರು ಎತ್ತಲಿಲ್ಲ. ಈಗ ನೋಟಿಸಿನಲ್ಲಿ ಗಾಡಿ ಸೀಜ್ ಮಾಡುತ್ತೇವೆ ಅಂತ ಬರೆದಿದ್ದಾರೆ. ಯಾರ ಗಾಡಿ ಸ್ವಾಮಿ?

ನೋಟಿಸಿನ ಹಿಂದೆಯೇ ಫೋನು ಶುರುವಾಯಿತು. ಮೊದಲು ಹಿಂದಿಯಲ್ಲಿ ಮಾತಾಡುವವರು. ಆಮೇಲೆ ತುಮಕೂರಿನ ಒಬ್ಬ ಹುಡುಗ. ಅವನು ಒರಟಾಗೇನೂ ಮಾತಾಡಲಿಲ್ಲ, ಅದನ್ನು ಹೇಳಲೇಬೇಕು.

“ಅಣ್ಣಾ, ಸಿಸ್ಟಮ್‌ನಲ್ಲಿ ಡ್ಯೂ ತೋರಿಸ್ತಿದೆ. ನಾವೇನ್ ಮಾಡೋಕಾಗುತ್ತೆ?”

“ನನ್ನ ಹತ್ರ ಎನ್‌ಒಸಿ ಇದೆಯಪ್ಪ. ವಾಟ್ಸಾಪ್ ಮಾಡ್ತೀನಿ, ನೋಡು.”

“ಅದು ಹಳೇ ಕಂಪನೀದಣ್ಣ. ನಮ್ದಲ್ಲ. ಅದು ಈಗ ನಡೆಯಲ್ಲ.”

ನಾನು ಈ ಪತ್ರ ಬರೆಯುತ್ತಿರುವುದೇ ಈ ಒಂದು ಮಾತಿಗಾಗಿ. ತುಮಕೂರಿನ ಆಫೀಸಿಗೆ ಹೋದಾಗ ಮೇಜಿನ ಆಚೆ ಕೂತ ಮ್ಯಾನೇಜರೂ ಇದನ್ನೇ ಹೇಳಿದರು, ಸ್ವಲ್ಪ ಇಂಗ್ಲಿಷ್ ಬೆರೆಸಿ. ನಾನು ಸಾಲ ಮಾಡಿದ್ದು ಹಳೇ ಕಂಪನಿಯಲ್ಲಿ. ಆ ಸಾಲ ಇವರದಾಯಿತು. ಅದೇ ಹಳೇ ಕಂಪನಿ ಸಾಲ ತೀರಿದೆ ಅಂತ ಬರೆದುಕೊಟ್ಟ ಕಾಗದ ಮಾತ್ರ ಇವರದಲ್ಲ. ಅಪ್ಪನ ಹೊಲ ಬೇಕು, ಅಪ್ಪ ಮಾಡಿಕೊಟ್ಟ ಕ್ರಯಪತ್ರ ಬೇಡ ಅನ್ನುವ ಮಗನ ಹಾಗೆ.

ಕಾನೂನು ಏನು ಹೇಳುತ್ತೆ ಅಂತ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಸಿಕ್ಕ ವಕೀಲರೊಬ್ಬರನ್ನು ಕೇಳಿದೆ. ಕೋರ್ಟಿನ ಆವರಣದಲ್ಲೇ ಆ ಕಚೇರಿ ಇರುತ್ತೆ, ಸಲಹೆಗೆ ದುಡ್ಡು ಕೇಳುವುದಿಲ್ಲ. ಅವರು ಹೇಳಿದ್ದನ್ನು ನನಗೆ ತಿಳಿದ ಮಟ್ಟಿಗೆ ಬರೆಯುತ್ತೇನೆ. ಎರಡು ಕಂಪನಿ ವಿಲೀನ ಆಗುವುದು 2013ರ ಕಂಪನಿ ಕಾಯ್ದೆಯ 230ರಿಂದ 232ರವರೆಗಿನ ಸೆಕ್ಷನ್ನುಗಳ ಪ್ರಕಾರ. ಕಂಪನಿ ಕಾನೂನು ನ್ಯಾಯಮಂಡಳಿ, ಅಂದರೆ ಎನ್‌ಸಿಎಲ್‌ಟಿ, ಅದಕ್ಕೆ ಒಪ್ಪಿಗೆ ಕೊಡಬೇಕು. ಆ ಆದೇಶದ ಪ್ರಕಾರ ಹಳೇ ಕಂಪನಿಯ ಆಸ್ತಿ ಹೊಸ ಕಂಪನಿಗೆ ಹೋಗುತ್ತೆ. ಹೊಣೆಗಳೂ ಹೋಗುತ್ತವೆ. ಎರಡೂ ಒಟ್ಟಿಗೆ. ಹಳೇ ಕಂಪನಿ ಯಾರಿಗೆ ಏನು ಬರೆದುಕೊಟ್ಟಿದೆಯೋ ಅದಕ್ಕೆ ಹೊಸಬರೂ ಕಟ್ಟುಬೀಳಬೇಕು. ಬೇಕಾದ್ದನ್ನು ಆರಿಸಿಕೊಂಡು ಉಳಿದದ್ದನ್ನು ಬಿಡುವ ಹಾಗಿಲ್ಲ.

ಇನ್ನೊಂದು ಸೆಕ್ಷನ್ ಇದೆ, 239. ಅದನ್ನು ಕೇಳಿ ನನಗೆ ಜಾಸ್ತಿ ಖುಷಿಯಾಯಿತು. ವಿಲೀನವಾದ ಕಂಪನಿಯ ಲೆಕ್ಕದ ಪುಸ್ತಕ, ಕಾಗದಪತ್ರಗಳನ್ನು ಕೇಂದ್ರ ಸರ್ಕಾರದ ಒಪ್ಪಿಗೆ ಇಲ್ಲದೆ ವಿಲೇವಾರಿ ಮಾಡುವಂತಿಲ್ಲ. ತುಮಕೂರಿನ ಮ್ಯಾನೇಜರು ನನಗೆ ಹೇಳಿದ್ದು, “ತಿಪಟೂರು ಬ್ರಾಂಚ್ ಕ್ಲೋಸ್ ಆಯ್ತಲ್ಲ, ಹಳೇ ರೆಕಾರ್ಡ್ಸ್ ಇಲ್ಲ” ಅಂತ. ದಾಖಲೆ ಇಲ್ಲ ಅನ್ನುವವರು ಬಾಕಿ ಎಷ್ಟು ಅಂತ ರೂಪಾಯಿ ಲೆಕ್ಕದಲ್ಲಿ ಹೇಗೆ ಹೇಳಿದರು? ಮೊಬೈಲಿನಲ್ಲಿ ಈ ಸೆಕ್ಷನ್ ತೋರಿಸಿ ಕೇಳಿದೆ. ಹೆಡ್ ಆಫೀಸಿಗೆ ಮೇಲ್ ಮಾಡಿ ಅಂದರು.

ಮೇಲ್ ಮಾಡಿದೆ. ಮಗಳು ಟೈಪ್ ಮಾಡಿಕೊಟ್ಟಳು. ಮತ್ತೆ ಮತ್ತೆ ಕೇಳಿದ ಮೇಲೆ ಸಾಲದ ಖಾತೆಯ ಸ್ಟೇಟ್‌ಮೆಂಟ್ ಬಂತು. ಅದನ್ನು ನೋಡಿದಾಗ ಗಂಟು ಎಲ್ಲಿದೆ ಅಂತ ಗೊತ್ತಾಯಿತು. ನಾನು ಸಾಲ ಮುಗಿಸಿದ್ದು ಫೆಬ್ರುವರಿಯಲ್ಲಿ. ಆದರೆ ಹಳೇ ಫೈನಾನ್ಸ್‌ನವರು ನನ್ನ ಇಸಿಎಸ್ ನಿಲ್ಲಿಸಿರಲಿಲ್ಲ. ಮಾರ್ಚ್ 5ಕ್ಕೆ ಒಂದು ಸಲ, ಏಪ್ರಿಲ್ 5ಕ್ಕೆ ಇನ್ನೊಂದು ಸಲ ಕಂತಿಗೆ ಕಳಿಸಿದ್ದಾರೆ. ಖಾತೆಯಲ್ಲಿ ದುಡ್ಡಿರಲಿಲ್ಲ, ವಾಪಸ್ ಹೋಗಿದೆ. ಆಗಲೇ ಬಿ.ಎಚ್. ರಸ್ತೆ ಆಫೀಸಿಗೆ ಹೋಗಿ ಕೇಳಿದ್ದೆ. ಅದು ತಾನಾಗೇ ಹೋಗಿದೆ, ನಿಲ್ಲಿಸ್ತೀವಿ, ತಲೆ ಕೆಡಿಸ್ಕೋಬೇಡಿ ಅಂದಿದ್ದರು. ನಿಲ್ಲಿಸಿದರು ಕೂಡ. ಲೆಕ್ಕದಿಂದ ಮಾತ್ರ ಅಳಿಸಲಿಲ್ಲ. ಹಳೇ ಆಫೀಸಿನಲ್ಲಿ ಅದು ಸುಳ್ಳು ಬಾಕಿ ಅಂತ ಎಲ್ಲರಿಗೂ ಗೊತ್ತಿತ್ತು, ಹಾಗಾಗಿ ಯಾರೂ ಕೇಳಲಿಲ್ಲ. ವಿಲೀನದಲ್ಲಿ ಲೆಕ್ಕ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹೋಯಿತು. ಗೊತ್ತಿದ್ದ ಜನ ಹೋಗಲಿಲ್ಲ.

ಈಗ ಆ ಸ್ಟೇಟ್‌ಮೆಂಟಿನಲ್ಲಿ ಇರುವುದು ಹೀಗೆ. ಎರಡು ಕಂತು ಬಾಕಿ, 15,700. ಬೌನ್ಸ್ ಶುಲ್ಕ ಎರಡು ಸಲಕ್ಕೆ ಜಿಎಸ್‌ಟಿ ಸೇರಿ 1,180. ಉಳಿದ 39,564 ರೂಪಾಯಿ ದಂಡದ ಬಡ್ಡಿ! ಇಲ್ಲದ ಸಾಲಕ್ಕೆ ಏಳು ವರ್ಷ ಬಡ್ಡಿ ಬೆಳೆದಿದೆ. ಬಡ್ಡಿಗೆ ದಂಡ ಸೇರಿಸುವ ಈ ಪದ್ಧತಿಯನ್ನೇ ರಿಸರ್ವ್ ಬ್ಯಾಂಕು 2023ರ ಆಗಸ್ಟಿನ ಸುತ್ತೋಲೆಯಲ್ಲಿ ಬೇಡ ಅಂದಿದೆ. ಕಂತು ತಪ್ಪಿದರೆ ದಂಡ ಶುಲ್ಕ ಹಾಕಬಹುದು, ಆ ಶುಲ್ಕದ ಮೇಲೆ ಮತ್ತೆ ಬಡ್ಡಿ ಹಾಕುವ ಹಾಗಿಲ್ಲ. ಅದು ನಿಜವಾದ ಬಾಕಿದಾರರ ವಿಷಯ, ನನ್ನದು ಅಲ್ಲಿಗೂ ಹೋಗುವುದಿಲ್ಲ ಬಿಡಿ.

ದುಡ್ಡಿಗಿಂತ ನನಗೆ ಬೇಜಾರಾದ ಸಂಗತಿ ಎರಡಿವೆ. ನನ್ನ ಸಾಲಕ್ಕೆ ಜಾಮೀನು ಹಾಕಿದ್ದವನು ಹೆಂಡತಿಯ ತಮ್ಮ. ಅವನಿಗೂ ಫೋನು ಹೋಯಿತು, ಅದೂ ರಾತ್ರಿ ಎಂಟೂವರೆಗೆ. ಬೆಳಿಗ್ಗೆ ಎಂಟಕ್ಕೆ ಮುಂಚೆ, ಸಂಜೆ ಏಳರ ಮೇಲೆ ವಸೂಲಿಗೆ ಫೋನ್ ಮಾಡಬಾರದು ಅಂತ 2022ರ ಆಗಸ್ಟಿನಲ್ಲೇ ರಿಸರ್ವ್ ಬ್ಯಾಂಕು ಹೇಳಿದೆ. ಅದು ಹಾಗಿರಲಿ. “ಭಾವ, ಸಾಲ ಮುಗಿಸಿದೀನಿ ಅಂದಿದ್ರಲ್ಲ, ಮುಗಿದಿಲ್ವಂತೆ?” ಅಂತ ಅವನು ಕೇಳಿದ. ಅವನ ಮನೆಯಲ್ಲಿ ಬೇರೆ ಏನೇನು ಮಾತಾಯಿತೋ. ಎನ್‌ಒಸಿ ಜೆರಾಕ್ಸ್ ತೆಗೆದುಕೊಂಡು ಹೋಗಿ ಅವನ ಕೈಯಲ್ಲಿಟ್ಟು ಬಂದೆ. ನಂಬಿದ. ಆದರೂ ಸಂಬಂಧಿಕರ ಮುಂದೆ ಕಾಗದ ಹಿಡಿದು ಸಾಬೀತು ಮಾಡುವುದು ಒಂಥರಾ ಆಗುತ್ತೆ.

ಎರಡನೆಯದು ಮಗಳ ಓದಿನ ಸಾಲ. ನರ್ಸಿಂಗ್ ಸೀಟು ಸಿಕ್ಕಿತ್ತು. ಇಂಥ ಸಾಲಕ್ಕೆ ಅಪ್ಪನೋ ಅಮ್ಮನೋ ಜೊತೆಗೆ ಸಹಿ ಹಾಕಬೇಕು, ನನ್ನ ಸಿಬಿಲ್, ಅಂದರೆ ಸಾಲದ ಚರಿತ್ರೆಯ ವರದಿ, ನೋಡಿದರು. ಬ್ಯಾಂಕ್ ಮೇಡಂ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ, “ನೋಡಿ ಸರ್, ಹಳೇ ಲೋನ್ ಒಂದು ಓವರ್‌ಡ್ಯೂ ಇದೆ, ಇದನ್ನ ಕ್ಲಿಯರ್ ಮಾಡ್ಕೊಂಡು ಬನ್ನಿ” ಅಂದರು. ಅವರದೇನೂ ತಪ್ಪಿಲ್ಲ. ಅಲ್ಲಿ ಬರೆದಿದ್ದನ್ನೇ ಹೇಳಿದರು. ಮೊದಲ ವರ್ಷದ ಫೀಸನ್ನು ಕೈಸಾಲ ಮಾಡಿ, ಸ್ವಲ್ಪ ಒಡವೆ ಅಡ ಇಟ್ಟು ಕಟ್ಟಿದೆವು.

ಈ ಹಂತದಲ್ಲೇ ವಸೂಲಿಯವರು ಹೊಸ ದಾರಿ ಹಿಡಿದರು. “ಅಣ್ಣಾ, ನಿಮಗೋಸ್ಕರ ಮೇಲಿನವರ ಹತ್ರ ಮಾತಾಡಿದೀನಿ. 15,000 ಕಟ್ಟಿಬಿಡಿ, ಸೆಟಲ್‌ಮೆಂಟ್ ಮಾಡಿಸ್ತೀನಿ. ಮಗಳ ಲೋನೂ ಆಗುತ್ತೆ.” ಕಟ್ಟಿ ಕೈ ತೊಳೆದುಕೊಳ್ಳೋಣ ಅಂತ ಮನೆಯಲ್ಲೂ ಅಂದರು. ವಕೀಲರು ಬೇಡ ಅಂದರು. ಕಾರಣ ಎಲ್ಲರಿಗೂ ಗೊತ್ತಿರಬೇಕು. ಸಾಲ ಪೂರ್ತಿ ತೀರಿದ್ದರೆ ಸಿಬಿಲ್ ವರದಿಯಲ್ಲಿ ‘ಕ್ಲೋಸ್ಡ್’ ಅಂತ ಇರುತ್ತೆ. ರಾಜಿ ಮಾಡಿಕೊಂಡು ಕಡಿಮೆ ಕಟ್ಟಿದರೆ ‘ಸೆಟಲ್ಡ್’ ಅಂತ ಬೀಳುತ್ತೆ. ಈ ಮನುಷ್ಯ ಪೂರ್ತಿ ದುಡ್ಡು ಕೊಟ್ಟಿಲ್ಲ ಅಂತಲೇ ಮುಂದೆ ಸಾಲ ಕೊಡುವ ಬ್ಯಾಂಕಿನವರು ಅದನ್ನು ಓದುತ್ತಾರೆ. ಜೊತೆಗೆ, ದುಡ್ಡು ಕಟ್ಟಿದರೆ ಬಾಕಿ ಇತ್ತು ಅಂತ ನಾನೇ ಒಪ್ಪಿಕೊಂಡ ಹಾಗೆ ಕಾಣುತ್ತೆ. ಆಮೇಲೆ ಎನ್‌ಒಸಿ ಹಿಡಿದು ಯಾರ ಮುಂದೆ ನಿಲ್ಲಲಿ?

ಕೆಲವರು ಇನ್ನೊಂದು ಮಾತು ಹೇಳಿದರು. ಸಾಲ ವಸೂಲಿಗೆ ದಾವೆ ಹಾಕಲು ಮೂರು ವರ್ಷ ಅವಧಿ, ಕೋವಿಡ್ ಕಾಲಕ್ಕೆ ಸುಪ್ರೀಂ ಕೋರ್ಟ್ ಕೊಟ್ಟ ವಿನಾಯಿತಿ ಸೇರಿಸಿದರೂ ಎಂದೋ ಮುಗಿದಿದೆ, ಸುಮ್ನೆ ಇದ್ದುಬಿಡು ಅಂತ. ಇರಬಹುದು. ಆದರೆ ವಾಯಿದೆ ಮುಗಿಯಿತು ಅಂತ ಹೇಳುವವನು ಸಾಲ ಇತ್ತು ಅಂತ ಹೇಳಿದಂತೆ ಅಲ್ವಾ? ನಾನು ತೀರಿಸಿದ್ದೇನೆ. ನನಗೆ ಬೇಕಾದದ್ದು ಆ ಮಾತು, ಅವರ ಲೆಟರ್‌ಹೆಡ್‌ನಲ್ಲಿ. ಅಲ್ಲದೆ ಸುಮ್ಮನಿದ್ದರೆ ಸಿಬಿಲ್ ತಾನಾಗಿ ಸರಿಹೋಗುವುದಿಲ್ಲ.

ಹಾಗಾಗಿ ಕಂಪನಿಯ ದೂರು ಅಧಿಕಾರಿಗೆ ಸ್ಪೀಡ್ ಪೋಸ್ಟಿನಲ್ಲಿ ಬರೆದೆ. ರಸೀದಿ, ಎನ್‌ಒಸಿ, ಫಾರಂ 35, ಎಚ್‌ಪಿ ಇಲ್ಲದ ಆರ್‌ಸಿ, ಡಿಡಿ ಕೊಟ್ಟ ದಿನದ ಬ್ಯಾಂಕ್ ಪಾಸ್‌ಬುಕ್ ಪುಟ, ಎಲ್ಲದರ ಜೆರಾಕ್ಸ್ ಇಟ್ಟೆ. ಅಸಲು ಯಾವುದನ್ನೂ ಕೊಡಲಿಲ್ಲ. 30 ದಿನ ಕಾದೆ. ಉತ್ತರವಿಲ್ಲ. 30 ದಿನ ಯಾಕೆ ಅಂದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್, ಅಂದರೆ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಯ ಯೋಜನೆಯಲ್ಲಿ ಮೊದಲು ಕಂಪನಿಗೇ ದೂರು ಕೊಡಬೇಕು. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಅನ್ನಿಸದಿದ್ದರೆ ಅಲ್ಲಿಗೆ ಹೋಗಬಹುದು. ದೂರು ಕೊಡಲು ದುಡ್ಡಿಲ್ಲ, ವಕೀಲರೂ ಬೇಕಿಲ್ಲ. ರಿಸರ್ವ್ ಬ್ಯಾಂಕಿನ ದೂರು ವೆಬ್‌ಸೈಟಿನಲ್ಲಿ ಹಾಕಬಹುದು. ಆಗದವರು ಕಾಗದದಲ್ಲೇ ಬರೆದು ಚಂಡೀಗಢದ ಸೆಕ್ಟರ್ 17ರಲ್ಲಿರುವ ರಿಸರ್ವ್ ಬ್ಯಾಂಕಿನ ದೂರು ಸ್ವೀಕಾರ ಕೇಂದ್ರಕ್ಕೆ ಅಂಚೆಯಲ್ಲಿ ಕಳಿಸಬಹುದು. 14448ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ಇದು ನಮ್ಮ ಸ್ಟ್ಯಾಂಡಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಸಿಬಿಲ್‌ಗೆ ಬೇರೆ ದೂರು. ನಾವೆಲ್ಲ ಸಿಬಿಲ್ ಅಂತ ಒಂದೇ ಹೆಸರು ಹೇಳುತ್ತೇವೆ. ಆದರೆ ದೇಶದಲ್ಲಿ ಸಾಲದ ಚರಿತ್ರೆ ಇಡುವ ಸಂಸ್ಥೆಗಳು ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. ನಾಲ್ಕರಿಂದಲೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಪುಕ್ಕಟೆ ಪಡೆಯುವ ಹಕ್ಕಿದೆ. ಸೈಬರ್ ಸೆಂಟರಿನಲ್ಲಿ ಇದಕ್ಕೆ ದುಡ್ಡು ತೆಗೆದುಕೊಳ್ಳುವವರನ್ನು ನೋಡಿದ್ದೇನೆ, ಕೊಡಬೇಡಿ. ತಪ್ಪು ತಿದ್ದಿ ಅಂತ ದೂರು ಕೊಟ್ಟ 30 ದಿನದೊಳಗೆ ಸರಿ ಮಾಡದಿದ್ದರೆ ಆಮೇಲಿನ ಪ್ರತಿ ದಿನಕ್ಕೂ 100 ರೂಪಾಯಿ ಪರಿಹಾರ ಕೊಡಬೇಕು. 2024ರ ಏಪ್ರಿಲ್ 26ರಿಂದ ಈ ನಿಯಮ ಜಾರಿಯಲ್ಲಿದೆ.

ಒಂಬುಡ್ಸ್‌ಮನ್‌ಗೆ ದೂರು ಹೋದ ಮೇಲೆ ಕಂಪನಿಗೆ ದಾಖಲೆ ಸಿಕ್ಕಿತು! ಇಲ್ಲ ಅಂದಿದ್ದ ದಾಖಲೆ. ಸೆಪ್ಟೆಂಬರಿನಲ್ಲಿ ಎರಡು ಸಾಲಿನ ಮೇಲ್ ಬಂತು. ‘ತಾಂತ್ರಿಕ ಕಾರಣದಿಂದ’ ಹಾಗಾಗಿತ್ತಂತೆ, ಖಾತೆ ಸರಿಪಡಿಸಲಾಗಿದೆಯಂತೆ. ಕ್ಷಮಿಸಿ ಅನ್ನುವ ಮಾತು ಹುಡುಕಿದೆ, ಇರಲಿಲ್ಲ. ನಾಲ್ಕು ಸಂಸ್ಥೆಗಳ ಪೈಕಿ ಮೂರರಲ್ಲಿ ನನ್ನ ಸಾಲ ಈಗ ಮುಗಿದಿದೆ ಅಂತ ಬರುತ್ತಿದೆ. ಒಂದರಲ್ಲಿ ಇನ್ನೂ ಬಾಕಿ ಅಂತಲೇ ಇದೆ. ದಿನಕ್ಕೆ 100 ರೂಪಾಯಿ ಕೊಡಿ ಅಂತ ಬರೆದಿದ್ದೇನೆ. ಅದಕ್ಕೂ ಉತ್ತರ ಬರದಿದ್ದರೆ ತುಮಕೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುವುದು ಅಂತ ತೀರ್ಮಾನ ಮಾಡಿದ್ದೇನೆ. 5 ಲಕ್ಷದವರೆಗಿನ ಪ್ರಕರಣಕ್ಕೆ ಅಲ್ಲಿ ಶುಲ್ಕ ಇಲ್ಲ.

ವಿಲೀನ ಅನ್ನುವುದು ನಮ್ಮ ರಾಜ್ಯದವರಿಗೆ ಹೊಸದಲ್ಲ. 2017ರ ಏಪ್ರಿಲ್‌ನಲ್ಲಿ ನಮ್ಮ ಮೈಸೂರು ಬ್ಯಾಂಕು ಸ್ಟೇಟ್ ಬ್ಯಾಂಕಿನಲ್ಲಿ ಸೇರಿತು. 2019ರಲ್ಲಿ ವಿಜಯಾ ಬ್ಯಾಂಕು, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕು. 2025ರ ಮೇ ತಿಂಗಳಲ್ಲಿ ಎರಡು ಗ್ರಾಮೀಣ ಬ್ಯಾಂಕುಗಳೂ ಒಂದಾದವು. ದೊಡ್ಡ ಬ್ಯಾಂಕುಗಳ ವಿಷಯ ಪೇಪರಿನಲ್ಲಾದರೂ ಬರುತ್ತೆ. ಸಣ್ಣ ಫೈನಾನ್ಸ್ ಕಂಪನಿಗಳು ಯಾವಾಗ ಯಾರ ಪಾಲಾದವು ಅಂತ ಸಾಲ ಮಾಡಿದವರಿಗೂ ಗೊತ್ತಾಗುವುದಿಲ್ಲ. ಬೋರ್ಡು ಬದಲಾಗುತ್ತೆ, ಆಮೇಲೆ ಆಫೀಸೇ ಇರುವುದಿಲ್ಲ.

ನಾನು ಕೇಳುವುದು ದೊಡ್ಡದೇನಲ್ಲ. ವಿಲೀನ ಆದ ಮೇಲೆ ಹಳೇ ಖಾತೆಯೊಂದನ್ನು ವಸೂಲಿ ಏಜೆನ್ಸಿಗೆ ಕೊಡುವ ಮುಂಚೆ ಎನ್‌ಒಸಿ ಕೊಟ್ಟ ಖಾತೆಗಳ ಜೊತೆ ತಾಳೆ ನೋಡಲಿ. ಗಾಡಿ ಸಾಲವಾದರೆ ಸರ್ಕಾರದ ವಾಹನ್ ಪೋರ್ಟಲ್‌ನಲ್ಲಿ ಎಚ್‌ಪಿ ಇದೆಯಾ ಇಲ್ಲವಾ ಅಂತ ನೋಡಲಿ, ಎಷ್ಟು ಹೊತ್ತಿನ ಕೆಲಸ ಅದು? ಮೊದಲ ನೋಟಿಸಿನ ಜೊತೆಗೇ ಸ್ಟೇಟ್‌ಮೆಂಟ್ ಇರಲಿ. ರಿಸರ್ವ್ ಬ್ಯಾಂಕು ಇದನ್ನು ಕಡ್ಡಾಯ ಮಾಡಿದರೆ ಇಂಥ ಫೋನುಗಳು ಅರ್ಧಕ್ಕರ್ಧ ನಿಲ್ಲುತ್ತವೆ ಅಂತ ನನ್ನ ಅನಿಸಿಕೆ.

ನಮ್ಮ ಸ್ಟ್ಯಾಂಡಿನ ಒಬ್ಬ ಡ್ರೈವರ್ ಕೋವಿಡ್‌ನಲ್ಲಿ ತೀರಿಕೊಂಡ. ಅವನೂ ಅದೇ ಫೈನಾನ್ಸ್‌ನಲ್ಲಿ ಸಾಲ ಮಾಡಿದ್ದ. ಗಾಡಿಯನ್ನು ಈಗ ಅವನ ಭಾಮೈದ ಓಡಿಸುತ್ತಾನೆ. ತೀರಿಕೊಂಡವನ ಹೆಂಡತಿಗೂ ನೋಟಿಸು ಬಂದಿದೆ. ಆಕೆ ಹೆದರಿಕೊಂಡು ಕೆಲವು ತಿಂಗಳಿಂದ 2,000ದಂತೆ ಕಟ್ಟುತ್ತಿದ್ದಾರೆ. ಸತ್ತವರ ಸಾಲ ನಿಜವೇ ಆಗಿದ್ದರೂ, ಅವರಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರ ವಾರಸುದಾರರು ಹೊಣೆ ಅಂತ ಆಕೆಗೆ ಯಾರೂ ಹೇಳಿಲ್ಲ. ಎನ್‌ಒಸಿ ಎಲ್ಲಿಟ್ಟಿದ್ದನೋ ಸಿಗುತ್ತಿಲ್ಲ. ಆದರೆ ಗಾಡಿಯ ಆರ್‌ಸಿ ತಂದು ತೋರಿಸಿದರು, ಅದರಲ್ಲಿ ಎಚ್‌ಪಿ ಇಲ್ಲ. ತೆಗೆಸಿ ವರ್ಷಗಳೇ ಆಗಿವೆ. ಆರ್‌ಟಿಒ ಆಫೀಸಿನಲ್ಲಿ ಆ ಫಾರಂ 35ರ ಪ್ರತಿ ಕೊಡಿ ಅಂತ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿಸಿದ್ದೇನೆ. ಕಂಪನಿಗೆ ಆಕೆಯ ಪರವಾಗಿ ಕಾಗದ ಹೋಗಿದೆ, ಇನ್ನೂ 30 ದಿನ ಆಗಿಲ್ಲ. ಈ ಪತ್ರ ನಿಮ್ಮ ಪತ್ರಿಕೆಯಲ್ಲಿ ಬಂದರೆ ಅದರ ಕಟಿಂಗನ್ನೂ ಆಕೆಯ ಫೈಲಿಗೆ ಸೇರಿಸುತ್ತೇನೆ.

ಗೂಡ್ಸ್ ಗಾಡಿ ಮಾಲೀಕ, ತಿಪಟೂರು
(ಹೆಸರು, ವಿಳಾಸವನ್ನು ಪತ್ರಿಕೆಗೆ ಬೇರೆ ಹಾಳೆಯಲ್ಲಿ ಕೊಟ್ಟಿದ್ದೇನೆ. ಅಚ್ಚು ಮಾಡಬೇಡಿ.)